ಹತ್ತು ದಿನದ ವೃದ್ಧಿ

ಬುಕಿತ್ ಬಾಟೋಕ್, ಸಿಂಗಪುರ
೧೪ ಜುಲೈ ೨೦೨೪, ಭಾನುವಾರ

ಪ್ರೀತಿಯ ನಾಗೂ,

ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ನಿನಗೆ ಕಿವಿ ಮಂದವಾದ ಮೇಲೆ ಫೋನಿನ ಮಾತು ತಪ್ಪಿತಲ್ಲ, ಅದನ್ನೇ ನೆಪ ಮಾಡಿಕೊಂಡು ಇಷ್ಟು ದಿನ ತಪ್ಪಿಸಿಕೊಂಡೆ. ಫೋನಾಗಿದ್ದರೆ ಮೊದಲ ಮಾತಿಗೇ ‘ಏನಾಯ್ತೇ ಶಾಮೂ’ ಎಂದು ಹಿಡಿದುಬಿಡುತ್ತಿದ್ದೆ. ನಿನ್ನ ಮಂಡಿನೋವು ಹೇಗಿದೆ? ಮಹಡಿ ಹತ್ತಿ ಉಪ್ಪಿನಕಾಯಿ ಒಣಗಿಸುವ ಚಪಲ ಬಿಟ್ಟೆಯೋ ಇಲ್ಲವೋ? ನೀನು ಕಳಿಸಿದ್ದ ಮೆಣಸಿನ ಸಂಡಿಗೆ ಮುಗಿಯಿತು. ನಮ್ಮವರು ಡಬ್ಬಿ ತಳ ಕೆರೆದು ತಿಂದರು.

ಇನ್ನು ವಿಷಯಕ್ಕೆ ಬರಬೇಕು. ನಿಮ್ಮ ಪಕ್ಕದ ಮನೆ ಆಚಾರ್ಯರ ಮೊಮ್ಮಗಳು ಶ್ರೀಯಾಳನ್ನು ನಮ್ಮ ಮಧ್ವೇಶನಿಗೆಂದು ನೀನೇ ಮುಂದೆ ನಿಂತು ಮಾತಾಡಿದ್ದೆ. ಮುಹೂರ್ತ ಯಾವಾಗ ಎಂದು ಕೇಳಿದ್ದೀಯೆ. ಮುಹೂರ್ತವಿಲ್ಲ ನಾಗೂ. ಹುಡುಗಿಯಲ್ಲಿ ಒಂದು ಕುಂದೂ ಇಲ್ಲ. ನಮ್ಮ ಮಗನಿಗೆ ಒಂದು ಮಗುವಿದೆ. ಅದು ಅವನದೇ ಎಂದು ಹೋದ ತಿಂಗಳು ಇಲ್ಲಿಯ ಕುಟುಂಬ ನ್ಯಾಯಾಲಯ ಹೇಳಿತು.

ಇಷ್ಟು ಬರೆದು ಎದ್ದು ಹೋಗಿ ಬಂದೆ. ಕಾಫಿ ಆರಿಹೋಗಿದೆ.

ತಾಯಿಯ ಹೆಸರು ನವ್ಯಾ. ಬೆಂಗಳೂರಿನ ಹುಡುಗಿ, ಇಲ್ಲಿ ಸಾಫ್ಟ್‌ವೇರ್ ಕೆಲಸ. ಮಧ್ವೇಶನೂ ಅವಳೂ ಎರಡು ವರ್ಷ ಜೊತೆಗೇ ಓಡಾಡುತ್ತಿದ್ದರಂತೆ, ನಮಗೆ ‘ಫ್ರೆಂಡ್’ ಎಂದಿದ್ದ. ಕಳೆದ ವರ್ಷ ಮೇ ತಿಂಗಳಲ್ಲಿ ಒಬ್ಬಳೇ ನಮ್ಮ ಮನೆಗೆ ಬಂದಳು. ಆಗಲೇ ಹೊಟ್ಟೆ ಕಾಣುತ್ತಿತ್ತು. “ಆಂಟಿ, ಮಧ್ವೇಶ್ ನನ್ನ ಕಾಲ್ ಪಿಕ್ ಮಾಡ್ತಿಲ್ಲ. ನೀವಾದ್ರೂ ಒಂದ್ಸಲ ಮಾತಾಡಿ” ಎಂದಳು. ಮಾತಾಡುತ್ತೇನಮ್ಮ ಎಂದು ಕಾಫಿ ಕೊಟ್ಟು ಕಳಿಸಿದೆ.

ಸಂಜೆ ಕೇಳಿದರೆ ಇವನು, “ನಂದಲ್ಲ ಅಮ್ಮ. ಸುಮ್ನೆ ಟ್ರ್ಯಾಪ್ ಮಾಡ್ತಿದಾಳೆ” ಎಂದ. ಹಾಗೆನ್ನುವಾಗ ಟೀವಿಯನ್ನೇ ನೋಡುತ್ತಿದ್ದ. ಟೀವಿ ಹಾಕಿರಲಿಲ್ಲ. ನಮ್ಮವರು ಅದನ್ನು ಕಂಡರು, ನಾನೂ ಕಂಡೆ. ಆದರೂ ನಾನು ಅವನ ಮಾತನ್ನೇ ಹಿಡಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಬೇರೆಯವರ ಮಕ್ಕಳ ವಿಷಯದಲ್ಲಿ ನಾವಿಬ್ಬರೂ ಎಷ್ಟು ಸಲ ನಕ್ಕಿಲ್ಲ!

ಸೆಪ್ಟೆಂಬರಿನಲ್ಲಿ ಹೆಣ್ಣು ಮಗುವಾಯಿತು ಎಂದು ನವ್ಯಾ ನಮ್ಮವರ ಫೋನಿಗೆ ಒಂದು ಸಾಲು ಕಳಿಸಿದಳು. ಇವರು ಓದಿದವರೇ ಎದ್ದು ತಲೆಗೆ ಸ್ನಾನ ಮಾಡಿ ಬಂದರು. ಸಾಲಿಗ್ರಾಮದ ಸಂಪುಟ ಮುಚ್ಚಿಟ್ಟು ದೇವರ ಗೂಡಿನ ಬಾಗಿಲು ಹಾಕಿದರು. “ಏನ್ರೀ ಇದು?” ಎಂದರೆ “ವೃದ್ಧಿ” ಎಂದರು. ನಿಮ್ಮಲ್ಲಿ ಪುರುಡು ಎನ್ನುತ್ತೀರಲ್ಲ, ಅದೇ. ವಂಶದಲ್ಲಿ ಮಗು ಹುಟ್ಟಿದರೆ ಹತ್ತು ದಿನ ಮನೆಯವರು ದೇವರನ್ನು ಮುಟ್ಟುವಂತಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಅವನೇ ತನ್ನದಲ್ಲ ಎಂದ ಮೇಲೆ ನಮಗೆಲ್ಲಿಯ ವೃದ್ಧಿ, ಮದುವೆಯೇ ಇಲ್ಲದೆ ಹುಟ್ಟಿದ್ದಕ್ಕೆ ಅದು ಉಂಟೋ ಇಲ್ಲವೋ, ಊರಿನಲ್ಲಿ ತಿಳಿದವರನ್ನು ಕೇಳಿ ಎಂದೆ. “ಏನಂತ ಕೇಳ್ಲಿ ಶಾಮಲಾ? ಯಾರ ಮನೆ ಮಗು ಅಂತಾರೆ” ಎಂದರು.

ಆ ಹತ್ತು ದಿನದಲ್ಲೇ ಅನಂತರಾಮ್ ಅವರ ತಂದೆಯ ಶ್ರಾದ್ಧ ಬಂತು. ಅವರು ಇಲ್ಲೇ ಉಬಿ ಎಂಬ ಕಡೆ ಕೆಲಸ ಮಾಡುವವರು, ನಮಗೆ ಹಳೆಯ ಸ್ನೇಹಿತರು. ಈ ಊರಿನಲ್ಲಿ ಶ್ರಾದ್ಧದ ಎಲೆಗೆ ಕೂರಲು ಬ್ರಾಹ್ಮಣರು ಸಿಗುವುದು ಕಷ್ಟ, ಪ್ರತಿ ವರ್ಷವೂ ಇವರೇ ಹೋಗುತ್ತಿದ್ದರು. ಜ್ವರ ಎಂದುಬಿಡಿ ಎಂದೆ. ಕೇಳಲಿಲ್ಲ. “ಇನ್ನೊಬ್ರ ಅಪ್ಪನ ಶ್ರಾದ್ಧದಲ್ಲಿ ಸುಳ್ಳು ಹೇಳಕ್ಕಾಗಲ್ಲ” ಎಂದು ಫೋನ್ ಮಾಡಿ, “ನಮಗೆ ವೃದ್ಧಿ ಬಂದಿದೆ, ನನ್ನನ್ನ ಕೂರಿಸ್ಬೇಡಿ” ಎಂದರು. ಇವರು ಒಬ್ಬನೇ ಮಗ, ದಾಯಾದಿ ಎಂದು ಒಬ್ಬರೂ ಉಳಿದಿಲ್ಲ, ವೃದ್ಧಿ ಬರುವುದಾದರೆ ಮಧ್ವೇಶನಿಂದಲೇ. ಅದು ಅನಂತರಾಮ್‌ಗೂ ಗೊತ್ತು, ಅವರ ಹೆಂಡತಿ ವಿನುತಾಗೂ ಗೊತ್ತು. ಆ ವಾರವೇ ವಿನುತಾ ನವ್ಯಾಗೆ ಬಾಣಂತಿ ಪುಡಿ ಮಾಡಿಕೊಟ್ಟು ಬಂದಿದ್ದಳು, ವೃದ್ಧಿಯ ಮಾತನ್ನೂ ಅವಳ ಕಿವಿಗೆ ಹಾಕಿರಬೇಕು.

ಮುಂದಿನದನ್ನು ನೀನೇ ಊಹಿಸಬಲ್ಲೆ. ಜನವರಿಯಲ್ಲಿ ನವ್ಯಾ ಕೋರ್ಟಿಗೆ ಹೋದಳು. ಇವನು ಡಿಎನ್‌ಎ ಪರೀಕ್ಷೆಗೆ ಒಪ್ಪಲಿಲ್ಲ. ಬರೀ ಪರಿಚಯ ಎಂದು ವಕೀಲರ ಕೈಯಲ್ಲಿ ಬರೆಸಿದ. ಮಗು ನಮ್ಮ ಮನೆಯದೆಂದು ನಂಬಲು ಯಾವ ಕಾರಣವೂ ಇಲ್ಲವೆಂದು ನಾವಿಬ್ಬರೂ ಪ್ರಮಾಣಪತ್ರ ಕೊಡಬೇಕಾಯಿತು. ನಮ್ಮವರು ಪೆನ್ನು ಹಿಡಿದು ಕೂತೇ ಇದ್ದರು. “ಮಗನ ಲೈಫ್ ರೀ, ಒಂದು ಸೈನ್ ತಾನೇ” ಎಂದವಳು ನಾನು. ಅದೇ ವಾರ ನಿನ್ನಿಂದ ಶ್ರೀಯಾಳ ಜಾತಕ ತರಿಸಿಕೊಂಡೆ. ಮಗುವಿಗೆ ಆಗ ನಾಲ್ಕು ತಿಂಗಳು. ಇದಕ್ಕೆ ನಿನ್ನ ಕ್ಷಮೆ ಹೇಗೆ ಕೇಳಬೇಕೋ ತಿಳಿಯದು.

ವಿಚಾರಣೆಗೆ ಮುಂಚೆ ಅನಂತರಾಮ್ ಮನೆಗೇ ಬಂದರು, ಕೂರಲಿಲ್ಲ. “ಸರ್, ನವ್ಯಾ ಅವರ ಲಾಯರ್ ನನ್ನ ಕೇಳಿದ್ರು. ನಮ್ಮಪ್ಪನ ಶ್ರಾದ್ಧದ ವಿಷಯ, ಇಲ್ಲ ಅನ್ನಕ್ಕಾಗ್ಲಿಲ್ಲ” ಎಂದರು. ನಮ್ಮವರು ಅವರ ಕೈ ಹಿಡಿದು “ಸರಿ ಮಾಡಿದ್ರಿ” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಿಮ್ಮ ಮಡಿ ಎಂದು ನಾನು ಇವರ ಮೇಲೆ ರೇಗಿದೆ.

ಸಾಕ್ಷಿಗಳು ಹೊರಗೆ ಕಾಯಬೇಕು. ಮೊದಲು ಇವರನ್ನು ಕರೆದರು. ಒಳಗೆ ನಡೆದದ್ದನ್ನು ಆಮೇಲೆ ಎಂಆರ್‌ಟಿ ರೈಲಿನಲ್ಲಿ ಹೇಳಿದರು. ವೃದ್ಧಿ ಎಂದರೇನು ಎಂದು ನ್ಯಾಯಾಧೀಶೆ, ಚೀನೀ ಹೆಂಗಸು, ಬಹಳ ಮರ್ಯಾದೆಯಿಂದ ಕೇಳಿದರಂತೆ. ಇವರು ಪಾಠ ಹೇಳುವವರ ಹಾಗೆ ಎಲ್ಲವನ್ನೂ ವಿವರಿಸಿದರಂತೆ. ಹಾಗಾದರೆ ಆ ಹತ್ತು ದಿನ ನಿಮ್ಮ ಮನೆಯಲ್ಲಿ ಮಗು ಹುಟ್ಟಿದೆಯೆಂದು ನೀವು ನಂಬಿದ್ದಿರಾ ಎಂದು ಆಕೆ ಕೇಳಿದರಂತೆ. ಇವರು ಹೌದು ಎಂದರು. ತಾನು ಸೈನ್ ಮಾಡಿದ್ದು ಸುಳ್ಳು ಎಂದರು. ನನ್ನ ಸರದಿ ಬರಲೇ ಇಲ್ಲ.

ಪರೀಕ್ಷೆಗೆ ಆಜ್ಞೆಯಾಯಿತು. ಇವನ ಕೆನ್ನೆಯ ಒಳಗೂ ಮಗುವಿನ ಕೆನ್ನೆಯ ಒಳಗೂ ಹತ್ತಿಯಲ್ಲಿ ಒರೆಸಿಕೊಂಡರು. ಮಗು ಇವನದೇ. ಈಗ ತಿಂಗಳು ತಿಂಗಳು ಜೀವನಾಂಶ ಕೊಡಬೇಕು. ಕೊಡುತ್ತಾನೆ. ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾನೆ, “ಅಪ್ಪ ನನ್ನ ಫಿನಿಶ್ ಮಾಡಿದ್ರು” ಎನ್ನುತ್ತಾನೆ. ಬೀದಿಯಲ್ಲಿ ಕನ್ನಡ ಕೇಳಿದರೆ ನಾನು ಆಚೆ ಬದಿಗೆ ದಾಟಿಬಿಡುತ್ತೇನೆ. ಕನ್ನಡ ಸಂಘದ ಕಡೆ ಹೋಗಿಲ್ಲ. ನಾಚಿಕೆ ಎಂದರೆ ಹೊಟ್ಟೆನೋವಿನ ಹಾಗೆ ನಿಜವಾಗಿ ನೋಯುತ್ತದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು.

ಹೋದ ಭಾನುವಾರ ಇವರು ಹಟ ಹಿಡಿದು ನನ್ನನ್ನು ನವ್ಯಾ ಇರುವ ಸೆಂಗ್‌ಕಾಂಗಿಗೆ ಕರೆದುಕೊಂಡು ಹೋದರು. ಮಗುವಿಗೆ ಹಾಲು ಕುಡಿಸಲು ಬೆಳ್ಳಿ ಒಳಲೆ ಕೊಂಡಿದ್ದೆವು. ನವ್ಯಾ ಮೇಲಕ್ಕೆ ಕರೆಯಲಿಲ್ಲ, ಮಗುವನ್ನೆತ್ತಿಕೊಂಡು ಕಟ್ಟಡದ ಕೆಳಗಿನ ತೆರೆದ ಜಾಗಕ್ಕೆ, ಇಲ್ಲಿ ಅದನ್ನು ವಾಯ್ಡ್ ಡೆಕ್ ಎನ್ನುತ್ತಾರೆ, ಇಳಿದು ಬಂದಳು. ಹೆಸರು ಅದ್ವಿಕಾ. ಗಲ್ಲ ನಮ್ಮವರದೇ. ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಇವರು ಕೈ ಚಾಚಿದರು, ನವ್ಯಾ ಕೊಟ್ಟಳು. ಇವರು ಮಗುವನ್ನು ಎದೆಗೊತ್ತಿಕೊಂಡು ಎಲ್ಲರೆದುರೂ ಅತ್ತರು. ನಾನೂ ಕೈ ಚಾಚಿದೆ.

“ಬೇಡ ಆಂಟಿ” ಎಂದಳು. ದನಿ ಏರಿಸಲಿಲ್ಲ. “ಕೋರ್ಟಲ್ಲಿ ಏನ್ ಸುಳ್ಳು ಬರ್ದಿದ್ರೂ, ಅಂಕಲ್ ಆ ಹತ್ತು ದಿನ ನನ್ನ ಮಗಳನ್ನ ಒಪ್ಕೊಂಡಿದ್ರು. ಅದಕ್ಕೇ ಅವರ ಕೈಗೆ ಕೊಟ್ಟೆ. ನೀವು?”

ನಾನು ಒಳಲೆಯನ್ನು ಕಲ್ಲುಬೆಂಚಿನ ಮೇಲಿಟ್ಟೆ.

ಆಚಾರ್ಯರ ಮನೆಗೆ ನೀನೇ ಹೋಗಿ ಹೇಳಬೇಕು ನಾಗೂ. ಏನನ್ನೂ ಮುಚ್ಚಬೇಡ, ನನ್ನ ಹೆಸರನ್ನೂ ಸೇರಿಸಿ ಹೇಳು. ಶ್ರೀಯಾಗೆ ಮರ್ಯಾದಸ್ತರ ಮನೆ ಸಿಗಲಿ. ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ, ಆಯಸ್ಸು ವಿದ್ಯೆ ಎಲ್ಲ ತುಂಬಿ ಬರಲಿ. ನನ್ನ ಮೇಲೆ ಕೋಪ ಬಂದರೆ ಕೋಪದಲ್ಲೇ ಬರೆ, ಆದರೆ ಬರೆ.

ನಿನ್ನ
ಶಾಮೂ

ತಾ.ಕ.: ನವ್ಯಾಗೆ ಹೇಳದ ಉತ್ತರವನ್ನು ನಿನಗೆ ಹೇಳುತ್ತೇನೆ, ನಮ್ಮವರಿಗೆ ಗೊತ್ತಿಲ್ಲ. ಆ ಹತ್ತು ದಿನವೂ ಇವರು ಬೆಳಗಿನ ವಾಕಿಂಗಿಗೆ ಇಳಿದ ಕೂಡಲೇ ನಾನು ದೇವರ ಗೂಡು ತೆಗೆದು, ಹೂವಿಟ್ಟು ದೀಪ ಹಚ್ಚುತ್ತಿದ್ದೆ. ಮಗು ನಮ್ಮದಲ್ಲ ಎಂದು ದೇವರಿಗೂ ಹೇಳಿಬಿಡೋಣ ಎಂದು. ಇವರು ಬರುವಷ್ಟರಲ್ಲಿ ಆರಿಸಿ ಬಾಗಿಲು ಹಾಕುತ್ತಿದ್ದೆ. ಸೆಂಗ್‌ಕಾಂಗಿನಿಂದ ಬಂದಾಗಿನಿಂದ ದೀಪದ ಹತ್ತಿರ ಹೋಗಲು ನನ್ನಿಂದ ಆಗುತ್ತಿಲ್ಲ. ಮಂಡಿನೋವು, ಬಗ್ಗಲಾರೆ ಎಂದಿದ್ದೇನೆ. ಪಾಪ, ಈಗ ಇವರೇ ಹಚ್ಚುತ್ತಾರೆ, ಆಮೇಲೆ ಬಂದು ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾರೆ.