ಕುರ್ಚಿಯ ಮೇಲೆ ಉಡಿ

ಧನಕವಡಿ, ಪುಣೆ

ಪ್ರೀತಿಯ ಅವ್ವನಿಗೆ ನೀಲಿಮಾಳ ನಮಸ್ಕಾರ.

ಫೋನಿನಲ್ಲಿ ಇಬ್ಬರಿಗೂ ಅಳು ಬರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಅಂಬಕ್ಕನಿಗಿದ್ದ ರಕ್ತದ ಬೇನೆ ನಿನ್ನ ಈ ಕಿರಿಮಗಳಿಗೂ ಇದೆಯಲ್ಲ, ಅದು ಈಗ ಸೊಂಟಕ್ಕೆ ಇಳಿದಿದೆ. ಕುಡುಗೋಲಿನಂತೆ ಬಾಗಿದ ರಕ್ತಕಣಗಳು ದಾರಿ ಕಟ್ಟಿ, ತೊಡೆ ಎಲುಬಿನ ತುದಿಗೆ ರಕ್ತ ಹೋಗದೆ ಅದು ಸತ್ತೇಹೋಗಿದೆಯಂತೆ. ಪಂಚಮಿ ಮುಗಿದ ಮೇಲೆ ಕೀಲು ಬದಲಿಸುವ ಆಪರೇಶನ್.

ಅದಕ್ಕಿಂತ ಮೊದಲು ಬರುತ್ತೇನೆ, ಉಡಿ ತುಂಬು ಅಂದರೆ ನೀನು, "ನಿನಗ ಮಣೆ ಮ್ಯಾಲ ಕೂಡಾಕ ಬರೂದಿಲ್ಲ, ಹೆಂಗ ತುಂಬಲಿ? ಆಪರೇಶನ್ ಮುಗಿಸ್ಕೊಂಡು ಬಾ, ತುಂಬತೀನಿ" ಅಂದೆ. ಅಂಬಕ್ಕನಿಗೂ ನೀನು ದವಾಖಾನೆಯಿಂದ ಬಂದ ಮೇಲೆ ತುಂಬತೀನಿ ಅಂದಿದ್ದೆ. ಅವಳು ತಿರುಗಿ ಬರಲಿಲ್ಲ. ಅದು ನಿನ್ನ ತಪ್ಪಲ್ಲ, ಅವ್ವ. ಆದರೆ ಕೀಲು ಬದಲಿಸಿದ ಮೇಲೂ ನಾನು ನೆಲದ ಮೇಲೆ ಕೂಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ಹಾಗಾದರೆ ನನ್ನ ಉಡಿ ಯಾವಾಗ ತುಂಬುತ್ತೀ?

ಅಡಿಗೆಮನೆಯ ಕಟ್ಟಿಗೆಯ ಕುರ್ಚಿಯನ್ನು ದೇವರ ಮುಂದೆ ತಂದಿಡು. ನನ್ನ ಸೆರಗಿನ ಉಡಿಗೆ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು ಸಾಕು. ಕುಪ್ಪಸಕ್ಕೆ ಹೊಸ ಖಣ ತರಬೇಡ, ಅಂಬಕ್ಕನಿಗೆಂದು ತೆಗೆದಿಟ್ಟದ್ದನ್ನೇ ಹಾಕು. "ಇದೇನ ಹೊಸಾ ಪದ್ಧತಿ, ಪುಣೇದ್ದೇನು?" ಅಂತ ನಿನ್ನ ನೆಗೆಣ್ಣಿ, ನಮ್ಮ ಕಾಕು ನಕ್ಕರೆ ನಗಲಿ ಬಿಡು.

ಮಣೆಯ ಮೇಲೆ ಕೂಡುವಾಗೆಲ್ಲ ತಲೆ ತಗ್ಗಿಸಿ ನನ್ನ ಸೆರಗನ್ನಷ್ಟೇ ನೋಡುತ್ತಿದ್ದೆ. ಕುರ್ಚಿಯಲ್ಲಿ ಕೂತರೆ ನಿನ್ನ ಮುಖ ಹತ್ತಿರದಿಂದ ಕಾಣುತ್ತದೆ. ಅಳು ಬಂದರೂ ಕೈ ನಿಲ್ಲಿಸಬೇಡ. ತುಂಬುತ್ತಿರು.

ನಿನ್ನ ಮಗಳು,
ನೀಲಿಮಾ