ಗಾಯವಿಲ್ಲದ ಮೈ

ಫೆಬ್ರವರಿ 4
ಇವತ್ತೂ ಸೋದರಮಾವ ಅರ್ಧ ಲೋಟ ಅಂಬಲಿ ಕುಡಿದು ತಳ್ಳಿದರು. ಮತ್ತೆ ಕುಮಾಸಿಯ ದೊಡ್ಡಾಸ್ಪತ್ರೆಗೆ ಹೋದೆವು. ಡಾಕ್ಟರ್ ಮುಚ್ಚಿಡಲಿಲ್ಲ — ಕರುಳಿನ ಕ್ಯಾನ್ಸರ್ ಲಿವರಿಗೂ ಹಬ್ಬಿದೆ. ಆದರೆ ಎರಡೇ ಗಡ್ಡೆ, ಒಂದೇ ಪಕ್ಕ. ಕರುಳಿಗೆ ಆಪರೇಷನ್, ಕೆಮೋ, ಆಮೇಲೆ ಲಿವರಿನ ಆ ತುಂಡನ್ನೂ ತೆಗೆಯಬಹುದು. ಬೇಗ ಆಗಬೇಕು. ಮಲ ಹೋಗಲು ಹೊಟ್ಟೆಗೆ ತೂತು ಮಾಡಿ ಚೀಲ ಹಾಕುತ್ತಾರೆ.

ಚೀಲ ಎಂದೊಡನೆ ಮಾವ ಎದ್ದುಬಿಟ್ಟರು. "ಸಭೆಯಲ್ಲಿ ಅರಸರ ಪರವಾಗಿ ಮಾತಾಡೋ ಮಾತುಗಾರ ನಾನು. ಅವರ ಕೋಲು ಹಿಡಿಯೋನ ಮೈಯಲ್ಲಿ ತೂತಿರಬಾರದು, ಸೆರ್ವಾ."

"ತೂತಿಲ್ಲದ ಮೈ ಹೊತ್ಕೊಂಡು ಗೋರಿಗೆ ಹೋಗ್ತೀರಾ?"

ನಕ್ಕರು. "ಎಲ್ಲದಕ್ಕೂ ಕರಪತ್ರ ಹಂಚೋಳು ನೀನು, ಇದನ್ನೂ ಅದ್ರಲ್ಲಿ ಬರೀತೀಯಾ?"

ಫೆಬ್ರವರಿ 6
ಪೊಕುವಾ ಅತ್ತೆಯ ಉಪಾಯ: "ಸುಮ್ನೆ ಹೋಗಿ ಮಾಡಿಸ್ಕೊಂಡು ಬರೋಣ. ಅಷ್ಟಗಲ ಬಟ್ಟೆ ಹೊದ್ದಿರ್ತಾರೆ, ಯಾರು ಎತ್ತಿ ನೋಡ್ತಾರೆ?"

ಮಾವನೂ ಅರ್ಧ ಒಪ್ಪಿದ್ದರು. ನಾನು ಬಿಡಲಿಲ್ಲ. ರೋಗಿ ಕಳ್ಳನಲ್ಲ! ಬಚ್ಚಿಟ್ಟರೆ ಆ ಕಟ್ಟಳೆಗೆ ತಲೆಬಾಗಿದ ಹಾಗೆ. ಅರಮನೆಯಲ್ಲೇ ಕೇಳಬೇಕು. ಕಟ್ಟಳೆ ಬದಲಾಗಲಿ ಎಂದು ಕರಪತ್ರ ಬರೆದು ಅಚ್ಚಿಗೆ ಕೊಟ್ಟೆ.

"ನಿನ್ನ ಮಾವ ಮನುಷ್ಯ ಕಣೇ, ಮೆರವಣಿಗೆಯಲ್ಲ" ಅಂದರು ಅತ್ತೆ.

ಫೆಬ್ರವರಿ 15
ಕರಪತ್ರ ಓದಿ ಅರಮನೆಯ ಹಿರಿಯರು ಉರಿದುಬಿದ್ದಿದ್ದಾರೆ. ಅಪಾವು ಅಜ್ಜ ನಮ್ಮ ಬಾಗಿಲಲ್ಲೇ ನಿಂತು ಕೂಗಿದರು: "ನಮಗೇ ಪಾಠ ಹೇಳೋಕೆ ಬಂದ್ಲು! ಹಬ್ಬ ಮುಗೀಲಿ, ಕೂತು ನೋಡ್ತೀವಿ. ಅಲ್ಲೀವರೆಗೆ ಇವನ ಮೈಗೆ ಕತ್ತಿ ತಾಗಬಾರದು."

ಈಗ ಗುಟ್ಟಾಗಿ ಹೋಗುವಂತೆಯೂ ಇಲ್ಲ. ಊರಿಗೆಲ್ಲ ಗೊತ್ತು. ಮಾವ ಕಾಯುತ್ತೇನೆ ಅಂದರು... ಕಾಯಲಿ. ಗೆಲ್ಲುತ್ತೇವೆ.

ಮಾರ್ಚ್ 28
ಗೆದ್ದೆವು! ಚೀಲವಿದ್ದರೂ ಮಾವನೇ ಮಾತುಗಾರ. ಅರಮನೆಯ ಸಭೆಯಲ್ಲಿ ರಾಣಿತಾಯಿಯೇ ಹೇಳಿದರು: "ಕೋಲು ಹಿಡಿಯೋದು ಕೈ. ಹೊಟ್ಟೆ ಸುದ್ದಿ ನಮಗ್ಯಾಕೆ?" ಅಪಾವು ಅಜ್ಜನೂ ನಕ್ಕುಬಿಟ್ಟರು. ಎಷ್ಟು ಚಪ್ಪಾಳೆ!

ಕೈಮುಗಿಯಲು ಮಾವ ಎದ್ದರು. ಇಬ್ಬರು ಹಿಡಿದುಕೊಳ್ಳಬೇಕಾಯಿತು. ಬಿಸಿಲಿಗೆ ಬಂದಾಗ ನೋಡಿದೆ — ಕಣ್ಣು ಹಳದಿ.

ಏಪ್ರಿಲ್ 2
ಸ್ಕ್ಯಾನ್ ಆಯಿತು. ಡಾಕ್ಟರ್ ಅತ್ತೆಯನ್ನೂ ನನ್ನನ್ನೂ ಮಾತ್ರ ಒಳಗೆ ಕರೆದರು. ಲಿವರಿನ ಎರಡೂ ಪಕ್ಕ ತುಂಬಿದೆ. ಇನ್ನು ಕತ್ತರಿಸಿ ಉಪಯೋಗವಿಲ್ಲ. ಕೆಮೋ ಈ ಮೈ ತಡೆಯುವುದಿಲ್ಲ. ನೋವಿಗೆ ಔಷಧಿ ಕೊಡುತ್ತಾರಂತೆ.

ದಾರಿಯುದ್ದಕ್ಕೂ ಅತ್ತೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ...

ಏಪ್ರಿಲ್ 3, ಬೆಳಗ್ಗೆ
ಮಾವ ಗೋಡೆಗೊರಗಿ ಕೂತಿದ್ದಾರೆ. ಕ್ಷೌರ ಮಾಡಿಸಿಕೊಂಡಿದ್ದಾರೆ. "ಆಪರೇಷನ್ ಯಾವತ್ತಂತೆ? ಅರಸರಿಗೆ ತಿಳಿಸ್ಬೇಕಲ್ಲ."

ಅತ್ತೆ ಕಿಟಕಿಯತ್ತ ತಿರುಗಿದರು.

"ಅವಳು ಬಿಡು, ಅಳ್ತಾಳೆ. ನೀನು ಹೇಳು, ಸೆರ್ವಾ. ನೀನಾದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀಯ."

ಹೇಳಿದೆ. ಸ್ವಲ್ಪ ತಡವಾಗುತ್ತೆ ಮಾವ, ಮೊದಲು ಮೈಗೆ ಶಕ್ತಿ ಬರಲಿ, ಆಮೇಲೆ ಖಂಡಿತ—