ರವಿಕೆ ಕಣದ ಬಾವುಟಗಳು

ಪುಚೊಂಗ್, ಮಲೇಷ್ಯಾ
ಭಾನುವಾರ, ೬ ಸೆಪ್ಟೆಂಬರ್ ೨೦೨೦

ಪ್ರೀತಿಯ ಮಯೂರಿ ಅಪ್ಪನಿಗೆ,

ಅತ್ತೆಯವರ ಮುರಿದ ಕಾಲು ಈಗ ಹೇಗಿದೆ? ಗೋಡೆ ಹಿಡಿಯದೆ ನಡೆಯುತ್ತಾರೆಯೇ? ನೀವು ಮೈಸೂರಿನ ಮಾರ್ಕೆಟ್ಟಿಗೆ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಹೋಗುತ್ತೀರೆಂದು ಅವರೇ ದೂರು ಹೇಳಿದ್ದಾರೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದರೆ ಜ್ವರವಿಲ್ಲ, ಅಷ್ಟೆ. ಫೋನಿನಲ್ಲಿ ನೀವು ಎಲ್ಲದಕ್ಕೂ ನಡುವೆ ಬಾಯಿ ಹಾಕುತ್ತೀರಿ. ಅದಕ್ಕೇ ಕಾಗದದಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ.

ಎರಡು ವಾರಕ್ಕೆಂದು ಮಾರ್ಚ್‌ನಲ್ಲಿ ಹೋದವರು ನೀವು. ಗಡಿ ಮುಚ್ಚಿತು. ನಿಮ್ಮ ಪಿ.ಟಿ. ಮೇಷ್ಟರ ಕೆಲಸ ಬೇರೆಯವರ ಪಾಲಾಗಬಾರದೆಂದು, ಅದೇ ಶಾಲೆಯ ಲೆಕ್ಕದ ಟೀಚರಾದ ನಾನು ನಿಮ್ಮ ತರಗತಿಗಳನ್ನೂ ಮೈಮೇಲೆ ಎಳೆದುಕೊಂಡೆ. ಪ್ರಿನ್ಸಿಪಾಲ್ ಮೇಡಂಗೆ ಆರು ತಿಂಗಳಿಂದ ಒಂದೇ ಮಾತು ಹೇಳುತ್ತಿದ್ದೇನೆ: ಇನ್ನೆರಡು ವಾರ, ಬಂದುಬಿಡುತ್ತಾರೆ. ನನಗೋ ಫ್ಲ್ಯಾಗ್ ಫುಟ್‌ಬಾಲ್ ಎಂದರೆ ಹೆಸರು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. "ಯಾರನ್ನೂ ಕೆಡವೋ ಹಾಗಿಲ್ಲ ಕಣೇ, ಚೆಂಡು ಹಿಡ್ಕೊಂಡು ಓಡೋರ ಸೊಂಟದಲ್ಲಿ ಬಾವುಟದ ಥರ ಒಂದು ಪಟ್ಟಿ ಇರುತ್ತೆ, ಅದನ್ನ ಕಿತ್ಕೊಂಡ್ರೆ ಆಯ್ತು, ಅಷ್ಟೇ" ಎಂದಿರಿ. ಅಷ್ಟೇ ಅಂತೆ! ಆ ಪಟ್ಟಿಗಳೆಲ್ಲ ಶಾಲೆಯ ಬೀರುವಿನಲ್ಲಿ. ಬೀರುವಿನ ಬೀಗದ ಕೈ ನಿಮ್ಮ ಪ್ಯಾಂಟಿನ ಜೇಬಿನಲ್ಲಿ, ಮೈಸೂರಿನಲ್ಲಿ.

ಜುಲೈನಲ್ಲಿ ಶಾಲೆ ತೆರೆದಾಗ ಏನು ಮಾಡಲಿ? ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ರವಿಕೆ ಕಣಗಳಿದ್ದವಲ್ಲ, ಹೊಲಿಸುವುದೂ ಇಲ್ಲ, ಬಿಸಾಡುವುದೂ ಇಲ್ಲ, ಮುಂದಿನ ಮನೆಗೆ ದಾಟಿಸುವುದಷ್ಟೇ. ಅವನ್ನೇ ಉದ್ದುದ್ದ ಕತ್ತರಿಸಿದೆ. ಓಡುವಾಗ ಬೀಳದಿರಲೆಂದು, ಸೆರಗಿಗೆ ಹಾಕಿಕೊಳ್ಳುವ ಹಾಗೆ ಒಂದೊಂದಕ್ಕೂ ಎರಡೆರಡು ಪಿನ್ನು ಚುಚ್ಚಿ, ಎಷ್ಟು ಅಚ್ಚುಕಟ್ಟಾಯಿತೆಂದು ಹಿಗ್ಗಿದೆ. ಮೊದಲ ಆಟದಲ್ಲೇ ಒಬ್ಬಳು ಇನ್ನೊಬ್ಬಳ ಪಟ್ಟಿ ಹಿಡಿದು ಎಳೆದಳು. ಪಟ್ಟಿ ಬರಲಿಲ್ಲ, ಟ್ರ್ಯಾಕ್ ಪ್ಯಾಂಟು ಹರಿದು ಬಂತು. ಆ ಗುಂಪಿನಲ್ಲೇ ಇದ್ದ ನಿಮ್ಮ ಮಗಳು ತಲೆ ಚಚ್ಚಿಕೊಂಡು, ಇಲ್ಲಿಯವರ ಹಾಗೇ ಕೊನೆಗೊಂದು ಲಾ ಸೇರಿಸಿ, "ಅಮ್ಮಾ, ಪಿನ್ ಯಾಕೆ ಲಾ? ಇಟ್ ಮಸ್ಟ್ ಕಮ್ ಔಟ್!" ಎಂದಳು. ಕಿತ್ತು ಬರಲೆಂದೇ ಕಟ್ಟುವ ಬಟ್ಟೆಯನ್ನು ನಾನೆಲ್ಲಿ ಕಂಡಿದ್ದೆ?

ಕಣ್ಣು, ಭುಜ ಮೋಸ ಮಾಡುತ್ತವೆ, ಎದುರಾಳಿಯ ಸೊಂಟ ನೋಡಬೇಕು ಎಂದಿದ್ದಿರಿ. ಲೆಕ್ಕದ ಟೀಚರ್ ಮೈದಾನದ ನಡುವೆ ನಿಂತು "ಸೊಂಟ ನೋಡಿ, ಸೊಂಟ" ಎಂದು ಇಂಗ್ಲಿಷಿನಲ್ಲಿ ಕಿರುಚುವುದನ್ನು ಅಪ್ಪ ಅಮ್ಮಂದಿರು ಬೇಲಿಯಾಚೆಯಿಂದ ನೋಡುತ್ತಾರೆ. ಪ್ರತಿ ಸರದಿಗೂ ಚೆಂಡಿಗೆ ಸ್ಯಾನಿಟೈಸರ್ ಬೇರೆ, ಒದ್ದೆ ಚೆಂಡು ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಆದರೂ ಗುರುವಾರ, ಚೆಂಡು ಕೊಟ್ಟಂತೆ ಮಾಡಿ ಕೊಡದೆ ಓಡುವ ಒಂದು ಉಪಾಯ ಗೆದ್ದಿತು. ಅದು ನಿಮ್ಮದಲ್ಲ, ನಾನೇ ಯೋಚಿಸಿದ್ದು. ಮಾಸ್ಕಿನೊಳಗೇ ಕೇಕೆ ಹಾಕಿದೆ.

ಓಡುವವರು ತಮ್ಮ ಪಟ್ಟಿಗೆ ಕೈ ಅಡ್ಡ ಹಿಡಿದರೆ ತಪ್ಪು ಎಂದು ಮಕ್ಕಳಿಗೆ ದಿನವೂ ಹೇಳುತ್ತೇನೆ. ಹೇಳುವಾಗಲೆಲ್ಲ ನನಗೇ ನಾಚಿಕೆಯಾಗುತ್ತದೆ. ನಿಮ್ಮ ಕೆಲಸಕ್ಕೆ ಆರು ತಿಂಗಳಿಂದ ಕೈ ಅಡ್ಡ ಹಿಡಿದು ನಿಂತವಳು ನಾನೇ ಅಲ್ಲವೇ? ನಾಳೆಯಿಂದ ಭಾರತದವರು ಇಲ್ಲಿ ಕೆಲಸ ಮಾಡುವ ಪಾಸ್ ಇದ್ದರೂ ಈ ದೇಶಕ್ಕೆ ಬರುವಂತಿಲ್ಲ ಎಂಬ ಸುದ್ದಿ ಬಂದಾಗ ಅಕ್ಕಿ ತೊಳೆಯುತ್ತಿದ್ದೆ. ಪಾತ್ರೆಯನ್ನು ಸಿಂಕಿಗೆ ಕುಕ್ಕಿದೆ. ಯಾರ ಮೇಲೆ ಸಿಟ್ಟು ಮಾಡಲಿ? ನಿಮ್ಮ ಮೇಲೆಯೇ ಮಾಡಿದೆ.

ಅತ್ತೆಯವರ ಕಾಲಿಗೆ ಬೇಗ ಬಲ ಬರಲಿ, ನನ್ನ ನಮಸ್ಕಾರ ತಿಳಿಸಿ. ಮಯೂರಿ ಅಜ್ಜಿಗೆ ಮುತ್ತು ಕಳಿಸಿದ್ದಾಳೆ, ನಿಮಗೂ ಒಂದು.

ನಿಮ್ಮ
ಹಂಸಾ

ತಾ.ಕ.: ಒಂದು ಮಾತು ಮರೆತೆ. ಮರೆತದ್ದಲ್ಲ, ಧೈರ್ಯ ಸಾಲಲಿಲ್ಲ. ಹೊರಗಿನವರನ್ನು ತರಲೋ, ನಿನ್ನ ಹೆಸರಿಗೇ ಬರೆಯಲೋ ಎಂದು ಮೇಡಂ ಶುಕ್ರವಾರ ಕೇಳಿದರು. ನಿಮ್ಮನ್ನು ಕೇಳದೆ ಸಹಿ ಹಾಕಿದೆ. ನಿಮ್ಮ ಕೆಲಸ ಈಗ ನನ್ನದು. ಬೀರುವಿನ ಬೀಗವನ್ನೂ ಒಡೆಸಿದೆ. ಪಟ್ಟಿಗಳನ್ನು ತೆಗೆದುಕೊಂಡೆ, ನಿಮ್ಮ ಸೀಟಿಯನ್ನು ಮಾತ್ರ ಮುಟ್ಟಲಿಲ್ಲ, ಅಲ್ಲೇ ಇದೆ. ಕೋಪ ಬಂದರೆ ಫೋನಿನಲ್ಲಿ ಕೂಗಾಡಬೇಡಿ. ಇಲ್ಲಿಗೆ ಬಂದು ಜಗಳ ಆಡಿ.